ನೆರೆಯವನು ಯಾರು?

ಕಳೆದ ವರ್ಷ ಪರೀಕ್ಷೆಯ ದಿನ ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು, "ಮಗಾ, ಈ ಬಸ್ಸು ದೊಡ್ಡಾಸ್ಪತ್ರೆಗೆ ಹೋಗ್ತದಾ?" ಎಂದು ಕೇಳಿದಳು. ನನಗೆ ಹೊತ್ತು ಮೀರಿತ್ತು; ಗೊತ್ತಿಲ್ಲವೆಂದು ಹೇಳಿ ಹೊರಟೆನು. ನಿಜವಾಗಿ ಗೊತ್ತಿತ್ತು. ಬೆಳಿಗ್ಗೆಯಷ್ಟೇ ಮನೆಯಲ್ಲಿ ಪ್ರಾರ್ಥನೆ ಮಾಡಿ ಬಂದಿದ್ದೆನು!

ಕ್ರೈಸ್ತನಾದ ನಾನು ಬಾಲ್ಯದಿಂದ ಕೇಳಿದ ಕಥೆಯೊಂದು ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ನೆರೆಯವನಾರೆಂದು ಕೇಳಿದ ಧರ್ಮಶಾಸ್ತ್ರಿಯೊಬ್ಬನಿಗೆ ಯೇಸುಸ್ವಾಮಿ ಹೇಳಿದ ಕಥೆಯದು. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ, ಕಳ್ಳರಿಂದ ಪೆಟ್ಟು ತಿಂದು ಬಿದ್ದಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಮುಂದೆ ಸಾಗಿದರು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೇ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಸಾಗಿಸಿ, ಖರ್ಚಿಗೆ 2 ಬೆಳ್ಳಿ ನಾಣ್ಯಗಳನ್ನೂ ಕೊಟ್ಟನು. ಮೊದಲಿನ ಇಬ್ಬರನ್ನು ಕಥೆ ದುಷ್ಟರೆಂದು ಕರೆಯುವುದಿಲ್ಲ. ಬಹುಶಃ ಅವರಿಗೂ ಹೊತ್ತು ಮೀರಿತ್ತು.

ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ವಿಧಿಯೊಂದು 2019ರಲ್ಲಿ ನಮ್ಮ ದೇಶದ ಮೋಟಾರು ವಾಹನ ಕಾಯಿದೆಗೆ ಸೇರಿತು. ಒಳ್ಳೆಯದೇ. ಆದರೆ ಕಾನೂನು ಭಯವನ್ನು ತೆಗೆಯಬಲ್ಲದು. ಓಡುವ ಕಾಲನ್ನು ನಿಲ್ಲಿಸಲಾರದು. ನಿಲ್ಲಬೇಕಾದವರು ನಾವೇ.

ದಯೆ ಕ್ರೈಸ್ತರೊಬ್ಬರ ಸೊತ್ತಲ್ಲ. ಈ ನಾಡಿನ ಶರಣರೂ ಅದನ್ನೇ ಸಾರಿದರು. ಅದಕ್ಕೆ ದೊಡ್ಡ ಸಂದರ್ಭವೂ ಬೇಕಿಲ್ಲ. ಅರ್ಜಿ ತುಂಬಲು ತಿಳಿಯದೆ ಕಛೇರಿಯ ಕಿಟಕಿಯ ಮುಂದೆ ನಿಂತ ಹೊಸ ವಿದ್ಯಾರ್ಥಿ, ದಿನವೂ ಗಂಟೆ ಬಾರಿಸುವ, ನಾವು ಹೆಸರು ಕೇಳದ ಜವಾನ – ಇವರೇ ನಮ್ಮ ಯೆರಿಕೋವಿನ ದಾರಿಯಲ್ಲಿರುವವರು. ಸ್ನೇಹಿತರೇ, ಇವರಿಗೆ ಎರಡು ನಿಮಿಷ ಕೊಟ್ಟರೆ ಸಾಕು.

ಆ ಮುದುಕಿಗೂ ಅಷ್ಟೇ ಸಾಕಾಗಿತ್ತು.