ಸೊಂಟ ನಿಮ್ಮದು, ಸ್ವಿಂಗೂ ನಿಮ್ಮದೇ ಆಗಿರಲಿ

ಗಾಲ್ಫ್ ಅಂದರೆ ಗಂಡಸರ ಆಟ, ಅದರಲ್ಲೂ ದುಡ್ಡಿರುವ ಗಂಡಸರ ಆಟ ಎಂದು ನಾವೆಲ್ಲ ಮೂಗು ಮುರಿಯುತ್ತಿದ್ದ ಕಾಲ ಒಂದಿತ್ತು. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದ್ದರೂ ನಮ್ಮಂಥವರು ಅದರ ಹಸಿರನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಈಗ ಹಾಗಿಲ್ಲ. ಮಕ್ಕಳು ಓದು, ಕೆಲಸ ಅಂತ ಹೊರಟ ಮೇಲೆ ಗಂಡನ ಜತೆಗೋ ಗೆಳತಿಯರ ಜತೆಗೋ ಆಡಲು ಹೋಗುವ ಗೃಹಿಣಿಯರಿದ್ದಾರೆ. ನಲವತ್ತೈದು, ಐವತ್ತರಲ್ಲಿ ಮೊದಲ ಸಲ ಕ್ಲಬ್ ಹಿಡಿದವರು. ಅವರ ಮಾತು ಶುರುವಾಗುವುದು ಆಟದಿಂದ, ಮುಗಿಯುವುದು ಮಾತ್ರ ಸೊಂಟಕ್ಕೆ ಹಚ್ಚುವ ಮುಲಾಮಿನಲ್ಲಿ!

"ಕೋಚ್ ಹೇಳಿದ ಹಾಗೇ ಮಾಡ್ತೀನಿ ಕಣ್ರೀ, ಆದ್ರೂ ಸೊಂಟ ಹಿಡ್ಕೊಳ್ಳುತ್ತೆ. ನಂಗೆ ಈ ಆಟ ಆಗಿ ಬರಲ್ಲ ಬಿಡಿ" ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಕೋಚ್ ಹೇಳಿಕೊಟ್ಟ ಆ ಸ್ವಿಂಗ್ ಯಾರ ಸೊಂಟಕ್ಕೆ ಹೊಂದುವಂಥದ್ದು?

ಟೀವಿಯಲ್ಲಿ ನಾವು ನೋಡುವ ಸ್ವಿಂಗ್ ಇಪ್ಪತ್ತೈದರ ಹರೆಯದವರದು. ಸೊಂಟವನ್ನು ಆದಷ್ಟು ಅಲುಗದಂತೆ ಹಿಡಿದು, ಭುಜಗಳನ್ನು ಮಾತ್ರ ಪೂರ್ತಿ ತಿರುಗಿಸಿ, ಸ್ಪ್ರಿಂಗ್ ಬಿಟ್ಟ ಹಾಗೆ ಒಮ್ಮೆಗೇ ಹೊಡೆಯುವುದು ಅದರ ಗುಟ್ಟು. ಚೆಂಡು ದೂರ ಹೋಗುತ್ತದೆ, ನಿಜ. ಆದರೆ ಆ ತಿರುಚುವಿಕೆಯ ಭಾರವೆಲ್ಲ ಬೀಳುವುದು ಬೆನ್ನಿನ ಕೆಳಭಾಗದ ಮೇಲೆ. ದಿನವೂ ಜಿಮ್‌ನಲ್ಲಿ ಬೆವರಿಳಿಸುವ, ಜತೆಗೊಬ್ಬ ಫಿಸಿಯೋಥೆರಪಿಸ್ಟ್‌ನನ್ನು ಇಟ್ಟುಕೊಂಡ ಆಟಗಾರರಿಗೇ ಅದು ಕಾಟ ಕೊಡುತ್ತದೆ. ಟೈಗರ್ ವುಡ್ಸ್‌ಗೆ ಬೆನ್ನಿನ ಆಪರೇಷನ್‌ಗಳು ಒಂದರ ಮೇಲೊಂದು ಆಗಿ, ಕೊನೆಗೆ 2017ರಲ್ಲಿ ಬೆನ್ನುಮೂಳೆಯ ಮಣಿಗಳನ್ನೇ ಬೆಸೆಯಬೇಕಾಯಿತು. ಇನ್ನು ಎರಡು ಹೆರಿಗೆ ಕಂಡ, ಬೆಳಿಗ್ಗೆ ಐದೂವರೆಯಿಂದ ಅಡುಗೆಕಟ್ಟೆಯ ಮುಂದೆ ನಿಂತ ನಮ್ಮ ಸೊಂಟದ ಗತಿ ಏನು ಹೇಳಿ?

ಹಾಗಾದರೆ ಆಟ ಬಿಡಬೇಕೇ? ಖಂಡಿತ ಬೇಡ. ಸ್ವಿಂಗ್ ಬದಲಿಸಿಕೊಳ್ಳಿ.

"ಎಡಗೈ ನೆಟ್ಟಗಿರಲಿ" ಅನ್ನುವುದು ಕೋಚ್‌ಗಳ ಗಾಯತ್ರಿ ಮಂತ್ರ. ಅಮೆರಿಕದ ಕ್ಯಾಲ್ವಿನ್ ಪೀಟ್ ಎಂಬ ಆಟಗಾರನ ಎಡ ಮೊಣಕೈ ಬಾಲ್ಯದಲ್ಲಿ ಮರದಿಂದ ಬಿದ್ದು ಮುರಿದಿತ್ತು, ಮತ್ತೆಂದೂ ನೆಟ್ಟಗಾಗಲಿಲ್ಲ. ಗಾಲ್ಫ್ ಕಲಿಯಲು ಶುರು ಮಾಡಿದ್ದೇ ಇಪ್ಪತ್ತು ದಾಟಿದ ಮೇಲೆ. ಆ ಸೊಟ್ಟ ಕೈಯಲ್ಲೇ ಪಿಜಿಎ ಟೂರ್‌ನಲ್ಲಿ 12 ಪ್ರಶಸ್ತಿ ಗೆದ್ದ. 1981ರಿಂದ 1990ರವರೆಗೆ ಸತತ ಹತ್ತು ವರ್ಷ, ಮೊದಲ ಹೊಡೆತವನ್ನು ದಾರಿ ತಪ್ಪದಂತೆ ನೇರವಾಗಿ ಹೊಡೆಯುವುದರಲ್ಲಿ ಅವನೇ ಮೊದಲಿಗ! ಪುಸ್ತಕದ ಮೊದಲ ನಿಯಮವನ್ನೇ ಪಾಲಿಸಲಾಗದವನು ಅವನು. ಅಂದಮೇಲೆ ಭುಜ ನೋಯುವ ನೀವು ಮೊಣಕೈಯನ್ನು ಸ್ವಲ್ಪ ಮಡಿಸಿದರೆ ಯಾವ ಅಪಚಾರವೂ ಆಗುವುದಿಲ್ಲ.

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್‌ಳನ್ನೇ ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಆಕೆಗೆ ಕೋವಿಡ್ ಬಂದು ಹೋಗಿತ್ತು. ಚೆಂಡನ್ನು ಮೊದಲಿನಷ್ಟೂ ದೂರ ಹೊಡೆಯಲಾಗುತ್ತಿರಲಿಲ್ಲ. ಜತೆಯವರ ಚೆಂಡು ಎಲ್ಲೋ ಮುಂದೆ, ಈಕೆಯದು ಹಿಂದೆ. ಬ್ಯಾಗ್ ಹೊತ್ತು ಜತೆಗಿದ್ದವರು ತಾಯಿ ಮಹೇಶ್ವರಿ. ದೂರಕ್ಕಾಗಿ ಮೈ ಮುರಿದುಕೊಳ್ಳದೆ, ಕುಳಿಯ ಹತ್ತಿರದ ನಾಜೂಕು ಹೊಡೆತಗಳನ್ನು ನೆಚ್ಚಿಕೊಂಡು ನಾಲ್ಕನೆಯ ಸ್ಥಾನಕ್ಕೆ ಬಂದಳು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ.

ಈಗ ಸೊಂಟದ ವಿಷಯಕ್ಕೆ ಬರೋಣ. (ಬಲಗೈಯವರಿಗೆ ಹೇಳುತ್ತಿದ್ದೇನೆ, ಎಡಚರು ಅದಲುಬದಲು ಮಾಡಿಕೊಂಡು ಓದಿ.) ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಏಳಲಿ, ಬಿಡಿ. ಹಿಮ್ಮಡಿ ಎದ್ದರೆ ಭುಜದ ಜತೆ ಸೊಂಟವೂ ತಿರುಗುತ್ತದೆ, ತಿರುಚುವುದು ತಪ್ಪುತ್ತದೆ. ಹಿಂದಿನ ತಲೆಮಾರಿನ ದೊಡ್ಡ ದೊಡ್ಡ ಆಟಗಾರರು ಆಡಿದ್ದೇ ಹೀಗೆ. ಬಲಪಾದವನ್ನು ಸ್ವಲ್ಪ ಹೊರಮುಖವಾಗಿ ಇಟ್ಟುಕೊಂಡರೆ ಇನ್ನೂ ಸಲೀಸು. ಕ್ಲಬ್ ತಲೆಯ ಮೇಲೆ ಅಡ್ಡಡ್ಡ ಬರುವ ತನಕ ಎತ್ತಲೇಬೇಕು ಎಂದೇನಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಮುಕ್ಕಾಲು ಎತ್ತಿದರೂ ಚೆಂಡು ಹೋಗುತ್ತದೆ. ಹೊಡೆದಾದ ಮೇಲೆ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ಪೋಸ್ ಕೊಡಬೇಡಿ. ಹೊಟ್ಟೆ ಚೆಂಡು ಹೋದ ದಿಕ್ಕಿಗೆ ಬರುವಂತೆ ತಿರುಗಿ ನೆಟ್ಟಗೆ ನಿಂತುಬಿಡಿ. ಹತ್ತಿಪ್ಪತ್ತು ಗಜ ಕಡಿಮೆಯಾದೀತು, ಆಗಲಿ. ಆ ನಷ್ಟಕ್ಕೆ ಹತ್ತಿರದ ಟೀಯಿಂದ ಆಡುವ ಅವಕಾಶ ಇದ್ದೇ ಇದೆ.

ಮಂಡಿ ನೋವಿನವರು ಎಡಪಾದವನ್ನೂ ಹೊರಮುಖ ಮಾಡಿಕೊಳ್ಳಿ, ಹೊಡೆದು ತಿರುಗುವಾಗ ಮಂಡಿಯ ಮೇಲೆ ಎಳೆತ ಕಡಿಮೆ. ಬೆರಳ ಗಂಟುಗಳು ನೋಯುತ್ತಿದ್ದರೆ ಹಿಡಿ ದಪ್ಪಗಿರುವ ಕ್ಲಬ್ ಕೇಳಿ. ಕಿರುಬೆರಳನ್ನು ಹೆಣೆಯುವ ಕಸರತ್ತು ಬಿಟ್ಟು ಬ್ಯಾಟ್ ಹಿಡಿದ ಹಾಗೆ ಹತ್ತೂ ಬೆರಳಲ್ಲಿ ಹಿಡಿಯಿರಿ, ಅದಕ್ಕೆ ನಿಯಮದ ಅಡ್ಡಿಯಿಲ್ಲ. ಸ್ಟೀಲ್ ಬದಲು ಗ್ರಾಫೈಟ್ ಕೋಲಿನ ಕ್ಲಬ್ ಹಗುರ, ಹೊಡೆದಾಗ ಕೈ ಜುಮ್ಮೆನ್ನುವುದೂ ಕಡಿಮೆ. ಮೊಣಕೈ ನೋವಿದ್ದವರು ಸಿಮೆಂಟ್ ನೆಲಕ್ಕೆ ಹಾಸಿದ ತೆಳ್ಳನೆಯ ಮ್ಯಾಟ್ ಮೇಲೆ ಬುಟ್ಟಿಗಟ್ಟಲೆ ಚೆಂಡು ಹೊಡೆಯಲು ಹೋಗಲೇಬೇಡಿ.

ಎರಡು ವಿಷಯದಲ್ಲಿ ಮಾತ್ರ ಸ್ವಂತ ವೈದ್ಯ ಬೇಡ. ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. ಕುಪ್ಪಸದ ಹುಕ್ ಹಾಕಲೂ ಕೈ ಹಿಂದೆ ಹೋಗದಷ್ಟು ಭುಜ ಬಿಗಿದಿದ್ದರೆ ಅದನ್ನು ಸ್ವಿಂಗ್ ಮಾಡಿ ಬಿಡಿಸುತ್ತೇನೆ ಅನ್ನುವುದು ಹುಚ್ಚುತನ. ಇನ್ನೊಂದು, ಮುಟ್ಟು ನಿಂತ ಮೇಲೆ ಬರುವ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ತೊಂದರೆ. ಅಂಥವರಿಗೆ ಬಗ್ಗಿ ತಿರುಚುವ ಚಲನೆಯಿಂದ ಬೆನ್ನುಮೂಳೆಯ ಮಣಿ ಬಿರುಕು ಬಿಡುವ ಅಪಾಯವಿದೆ. ಡಾಕ್ಟರರನ್ನು ಕೇಳಿಯೇ ಕ್ಲಬ್ ಹಿಡಿಯಿರಿ. ಹಾಗೆಯೇ ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ, ರಾತ್ರಿ ಮಲಗಿದರೂ ಬಿಡದೆ ಕಾಡಿದರೆ ಆಟ ನಿಲ್ಲಿಸಿ ತೋರಿಸಿಕೊಳ್ಳಿ.

ನನಗೆ ನಿಜವಾಗಿ ಸಿಟ್ಟು ಬರುವುದು ನಮ್ಮ ಮೇಲೇ. ನೋವು ನುಂಗುವುದರಲ್ಲಿ ನಾವು ಎತ್ತಿದ ಕೈ. ಮನೆಯಲ್ಲಿ ನುಂಗಿದ್ದು ಸಾಲದೆಂದು ಖುಷಿಗೆ ಆಡುವ ಆಟದಲ್ಲೂ ನುಂಗಬೇಕೇ? ಆಡುವ ಮುಂಚೆ ಒಂದು ನೋವಿನ ಮಾತ್ರೆ ಹಾಕಿಕೊಂಡು ಹೊರಡುವವರಿದ್ದಾರೆ. ಮಾತ್ರೆ ನೋವನ್ನು ಮುಚ್ಚುತ್ತದೆ, ತಪ್ಪು ತಿರುವನ್ನು ತಿದ್ದುವುದಿಲ್ಲ. ಕೋಚ್ ಎದುರು ಸಂಕೋಚ ಬೇಡ. ಮೊದಲ ದಿನವೇ ಸಿಸೇರಿಯನ್ ಆಗಿದ್ದು, ಮಂಡಿ ಸವೆದಿದ್ದು, ಎಲ್ಲ ಹೇಳಿ. "ಅಭ್ಯಾಸ ಮಾಡ್ತಾ ಮಾಡ್ತಾ ಸರಿ ಹೋಗುತ್ತೆ ಮೇಡಂ" ಎಂದಷ್ಟೇ ಅಂದರೆ ಬೇರೆ ಕೋಚ್ ನೋಡಿಕೊಳ್ಳಿ. ಪಕ್ಕದಲ್ಲಿ ನಿಂತು ಪ್ರತಿ ಹೊಡೆತಕ್ಕೂ ಪಾಠ ಹೇಳುವ ಗಂಡನನ್ನು ಬದಲಿಸುವುದು ಕಷ್ಟ, ಮುಂದಿನ ಕುಳಿಗೆ ಮೊದಲು ಹೋಗಿ ಅಂತ ಕಳಿಸಿಬಿಡಿ!

18 ಕುಳಿ ಮುಗಿಸಲೇಬೇಕು ಎಂಬ ಹಟವೂ ಬೇಡ. ಒಂಬತ್ತಕ್ಕೆ ಸಾಕು ಅನ್ನಿಸಿದರೆ ಅಲ್ಲಿಗೇ ಕಾಫಿ. ಶುರುವಿನಲ್ಲಿ ಹತ್ತು ನಿಮಿಷ ನಡೆದು, ಖಾಲಿ ಕೈ ಬೀಸಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಕುಳಿಯಿಂದ ಚೆಂಡು ಹೆಕ್ಕಲು ಬಗ್ಗುವುದೇ ಕಷ್ಟವೇ? ಪಟರ್‌ನ ಹಿಡಿಯ ತುದಿಗೆ ಸಿಕ್ಕಿಸುವ ಪುಟ್ಟ ರಬ್ಬರ್ ಬಟ್ಟಲು ಸಿಗುತ್ತದೆ, ಒತ್ತಿದರೆ ಚೆಂಡು ಅಂಟಿಕೊಂಡು ಮೇಲೆ ಬರುತ್ತದೆ. ಮುದುಕರ ಸಾಮಾನು ಅಂತ ಯಜಮಾನರು ನಕ್ಕರೆ ನಗಲಿ. ಮುಂದಿನ ತಿಂಗಳು ಅವರೂ ಒಂದು ತರಿಸಿಕೊಳ್ಳುತ್ತಾರೆ.