ನೀರನ್ನು ಸೋಸುವವರು ಗಾಳಿಯನ್ನು ಕೆಡಿಸಬಹುದೇ?

ಸೋಸದ ನೀರನ್ನು ಮುಟ್ಟದ ಶ್ರಾವಕರ ಅಂಗಳದಲ್ಲಿಯೇ ದೀಪಾವಳಿಯಂದು ಪಟಾಕಿ ಸಿಡಿಯುತ್ತದೆ. ಬೆಳಿಗ್ಗೆ ಬಸದಿಯಲ್ಲಿ ಮಹಾವೀರಸ್ವಾಮಿಯ ನಿರ್ವಾಣಪೂಜೆ, ರಾತ್ರಿ ಗಂಧಕದ ಹೊಗೆ!

ಗಂಧಕ ಉರಿದು ಹೊರಡುವ ಅನಿಲ ಶ್ವಾಸನಾಳವನ್ನು ಕೆರಳಿಸುತ್ತದೆ. ಹೊಗೆಯೊಳಗಿನ 2.5 ಮೈಕ್ರಾನಿಗೂ ಕಿರಿದಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಉಬ್ಬಸದವರಿಗೂ ಹೃದ್ರೋಗಿಗಳಿಗೂ ಆ ರಾತ್ರಿ ಕಂಟಕವೇ. ಇಂತಹ ಕಣಗಳು ದಿನವೊಂದಕ್ಕೆ ಸರಾಸರಿ ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದೆ.

‘ಲಾರಿ, ಕಾರ್ಖಾನೆಗಳ ಹೊಗೆಯ ಮುಂದೆ ಇದೆಷ್ಟರದು?’ ಎನ್ನುವವರಿದ್ದಾರೆ. ಲಾರಿ ಧಾನ್ಯ ತರುತ್ತದೆ, ಕಾರ್ಖಾನೆ ಕೂಲಿ ಕೊಡುತ್ತದೆ. ಅವುಗಳ ಹೊಗೆಯೂ ವಿಷವೇ, ಅದನ್ನು ತಗ್ಗಿಸಲೇಬೇಕು. ಪಟಾಕಿಗಾದರೋ ಪ್ರಯೋಜನವೆಂಬುದೇ ಇಲ್ಲ. ನಿಷ್ಪ್ರಯೋಜಕ ಹಿಂಸೆಯೇ ಅನರ್ಥದಂಡ. ವೃಥಾ ಬೆಂಕಿ ಹೊತ್ತಿಸುವುದನ್ನೂ ಗಾಳಿಯನ್ನು ಕಲಕುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಅದರೊಳಗೇ ಸೇರಿಸಿದ್ದಾರೆ. ಗಾಳಿಯೇ ಕಾಯವಾದ ಜೀವಗಳ ಮಾತನ್ನು ಪಾಠಶಾಲೆಯಲ್ಲಿ ಕಲಿಸುವವರೂ ನಾವೇ.

ಸುಡುವವರಿಗಿಂತ ಮಾರುವವರ ಹೊಣೆ ಹಿರಿದು. ನಾನೂ ಅಂಗಡಿಯವನೇ, ಹಬ್ಬದ ವ್ಯಾಪಾರದ ಆಸೆ ಎಂಥದೆಂದು ಬಲ್ಲೆ. ಆ ಲಾಭದಲ್ಲೊಂದು ಪಾಲು ಬಸದಿಗೆ ದಾನವಾಗಿ ಬಂದಾಗ ನಮ್ಮ ಟ್ರಸ್ಟುಗಳು ಶಾಲು ಹೊದಿಸುತ್ತವೆ. ಈ ದೀಪಾವಳಿಯಿಂದಾದರೂ ಅಂತಹ ಹಣಕ್ಕೆ ರಸೀದಿ ಹರಿಯುವುದಿಲ್ಲವೆಂದು ಟ್ರಸ್ಟಿನ ಮಹನೀಯರು ನಿರ್ಣಯ ಮಾಡಲಿ.