ಷೇರುಪೇಟೆಯ ಏರಿಕೆ ಯಾರ ಏಳಿಗೆ?

ಷೇರುಪೇಟೆಯ ಏರಿಕೆಯೇ ದೇಶದ ಏಳಿಗೆಗೆ ಸಾಕ್ಷಿಯೆಂದು ವಾದಿಸುವ ನನ್ನ ಶಿಷ್ಯರು 2020ನೆಯ ಇಸವಿಯನ್ನು ಮರೆತಂತಿದೆ. ಆ ವರ್ಷದ ಏಪ್ರಿಲ್–ಜೂನ್ ಅವಧಿಯಲ್ಲಿ ಒಟ್ಟು ದೇಶೀಯ ಉತ್ಪನ್ನವು, ಸರ್ಕಾರದ ಮೊದಲ ಅಂದಾಜಿನಂತೆಯೇ, ಶೇ. 23.9ರಷ್ಟು ಕುಸಿದಿತ್ತು. ಚಿಂಚೋಳಿ, ಚಿತ್ತಾಪುರಗಳಿಂದ ಮುಂಬಯಿಗೆ ದುಡಿಯಲು ಹೋದವರು ಬರಿಗೈಯಲ್ಲಿ ಮರಳಿದ್ದರು. ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗಿಳಿದಿದ್ದ ಸೆನ್ಸೆಕ್ಸ್ ಮಾತ್ರ 2021ರ ಜನವರಿ 21ರಂದು 50 ಸಾವಿರ ಮುಟ್ಟಿತು!

ಪೇಟೆಯು ಮುಂದಿನ ಲಾಭವನ್ನು ಎಣಿಸುತ್ತದೆ ಎನ್ನುವಿರಿ. ಒಪ್ಪಿದೆ, ಆದರೆ ಯಾರ ಲಾಭವನ್ನು? ಷೇರು ಮಾರುವ ಕಂಪನಿಗಳದ್ದನ್ನು. ನೀವು ಷೇರು ಕೊಂಡು ನಾಲ್ಕು ಕಾಸು ಗಳಿಸಿದರೆ ನನಗೂ ಸಂತೋಷವೇ. ಆದರೆ ವಾಡಿ, ಸೇಡಂಗಳ ಸಿಮೆಂಟು ಅಲ್ಲಿ ಲೆಕ್ಕಕ್ಕುಂಟು. ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಕಡಿಯುವವನು, ತೊಗರಿ ಬೆಳೆಯುವವನು ಲೆಕ್ಕಕ್ಕಿಲ್ಲ. ಸಿಮೆಂಟಿನ ಷೇರು ಏರಿದ ದಿನವೂ ಗುತ್ತಿಗೆ ಕಾರ್ಮಿಕನು ಹಿಂದಿನ ದಿನದ ಕೂಲಿಯನ್ನೇ ಎಣಿಸಿಕೊಂಡು ಮನೆಗೆ ಹೋಗುತ್ತಾನೆ.